ಅಣ್ಣತಮ್ಮಂದಿರನ್ನು ಒಂದೇ ಸಾಲಿನಲ್ಲಿ ಕೆತ್ತಬೇಡಿ

ಯುದ್ಧ ಸ್ಮಾರಕ ಸಮಿತಿಗಳ ಪದಾಧಿಕಾರಿಗಳಿಗೆ, ಶಾಲೆ ಕಾಲೇಜುಗಳ ಮುಖ್ಯಸ್ಥರಿಗೆ, ವಿಮಾನಯೋಧರ ಕಾಗದಪತ್ರಗಳನ್ನು ಮನೆಯ ಟ್ರಂಕಿನಲ್ಲಿ ಇಟ್ಟುಕೊಂಡು ಬಂದಿರುವ ಕುಟುಂಬಗಳಿಗೆ,

ನಮಸ್ಕಾರ.

ಒಂದೇ ಮನೆಯ ಇಬ್ಬರು, ಮೂವರು, ನಾಲ್ವರು ಅಣ್ಣತಮ್ಮಂದಿರು ಯುದ್ಧಕಾಲದಲ್ಲಿ ವಾಯುಸೇನೆ ಸೇರಿದ ಉದಾಹರಣೆಗಳು ಬೇಕಾದಷ್ಟಿವೆ. ಅವರ ನೆನಪಿಗೆ ಫಲಕ ಹಾಕಿಸುವಾಗಲೂ ಸ್ಮರಣ ಸಂಚಿಕೆ ತರುವಾಗಲೂ ಬರೆಯುವ ಸಾಲು ಮಾತ್ರ ಸಾಮಾನ್ಯವಾಗಿ ಒಂದೇ: ಮನೆತನದ ಹೆಸರು, ಅದರ ಮುಂದೆ ‘ವೀರ ಸಹೋದರರು’, ಕೆಳಗೆ ಯುದ್ಧದ ಇಸವಿ. ಗೌರವದಿಂದಲೇ ಬರೆದ ಸಾಲು ಅದು. ಆದರೆ ಆ ಸಾಲಿನೊಳಗೆ ಯಾರು ಏನು ಮಾಡಿದರು, ಯಾರು ಎಂದು ತೀರಿಕೊಂಡರು, ಯಾರು ಬದುಕಿ ಬಂದರು ಎಂಬುದೆಲ್ಲ ಕರಗಿಹೋಗುತ್ತದೆ. ಒಂದು ತಲೆಮಾರು ಕಳೆದರೆ ಅಣ್ಣನ ಪದಕ ತಮ್ಮನ ಹೆಸರಿಗೆ, ತಮ್ಮನ ಸಾವು ಅಣ್ಣನ ದಿನಾಂಕಕ್ಕೆ ಅಂಟಿಕೊಂಡಿರುತ್ತದೆ. ಆಮೇಲೆ ಬಿಡಿಸುವುದು ಬಲು ಕಷ್ಟ.

ನಮ್ಮ ಬೇಡಿಕೆ ಇಷ್ಟೇ. ಪ್ರತಿಯೊಬ್ಬರಿಗೂ ಒಂದು ಸಾಲು ಬೇರೆಯಾಗಿ ಕೊಡಿ. ಅದರಲ್ಲಿ ಪೂರ್ಣ ಹೆಸರು, ಸೇವಾ ಸಂಖ್ಯೆ, ದರ್ಜೆ, ವಿಮಾನದಲ್ಲಿ ಅಥವಾ ನೆಲದ ಮೇಲೆ ಮಾಡಿದ ಕೆಲಸ, ಘಟಕ, ದಿನಾಂಕ, ಸ್ಥಳ ಇರಲಿ. ಈ ಏಳನ್ನೂ ಪತ್ತೆಹಚ್ಚುವುದು ಹೇಗೆ, ಎಲ್ಲಿ ಕಾಲು ಜಾರುತ್ತದೆ ಎಂಬುದನ್ನು ಬರೆಯುವುದಕ್ಕೇ ಈ ಪತ್ರ.

ಮೊದಲು ದರ್ಜೆಯ ವಿಷಯ. ಪೈಲಟ್ ಆಫೀಸರ್, ಫ್ಲೈಯಿಂಗ್ ಆಫೀಸರ್ ಎನ್ನುವುದು ದರ್ಜೆಯ ಹೆಸರು, ಕೆಲಸದ ಹೆಸರಲ್ಲ. ಪೈಲಟ್ ಆಫೀಸರ್ ಆಗಿದ್ದವರು ಹಿಂಬದಿಯ ಗನ್ನರ್ ಆಗಿರಬಹುದು, ಉಗ್ರಾಣದ ಅಧಿಕಾರಿಯಾಗಿರಬಹುದು, ಒಮ್ಮೆಯೂ ವಿಮಾನದ ಚುಕ್ಕಾಣಿ ಹಿಡಿಯದೆ ಇರಬಹುದು. ಐರ್ಲೆಂಡಿನ ಬೀಮಿಷ್ ಮನೆತನದ ನಾಲ್ವರು ಅಣ್ಣತಮ್ಮಂದಿರು ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನಲ್ಲಿದ್ದರು. ವಿಕ್ಟರ್ ಯುದ್ಧವಿಮಾನದ ಪೈಲಟ್, 1942ರ ಮಾರ್ಚ್ 28ರಂದು ಕಾರ್ಯಾಚರಣೆಯಲ್ಲೇ ಹೋದರು. ಜಾರ್ಜ್ ಏರ್ ಮಾರ್ಷಲ್ ಮಟ್ಟಕ್ಕೆ ಏರಿದರು. ಸೆಸಿಲ್ ವಾಯುಸೇನೆಯ ದಂತವೈದ್ಯರು, ಆ ವಿಭಾಗದ ಮುಖ್ಯಸ್ಥರೂ ಆದರು. ‘ನಾಲ್ವರು ಪೈಲಟ್ ಸಹೋದರರು’ ಎಂದು ಬರೆದರೆ ಸೆಸಿಲ್ ಮಾಡಿದ ಕೆಲಸವನ್ನೇ ಅಳಿಸಿದ ಹಾಗೆ. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಮಾತಿನಲ್ಲಿ ವಿಮಾನದಲ್ಲಿ ಹಾರಿದವರೆಲ್ಲ ‘ಏರ್‌ಮನ್’. ಭಾರತೀಯ ವಾಯುಸೇನೆಯ ಕಡತದಲ್ಲಿ ಮಾತ್ರ ಆ ಪದಕ್ಕೆ ಅಧಿಕಾರಿ ದರ್ಜೆಗಿಂತ ಕೆಳಗಿನ ಸಿಬ್ಬಂದಿ ಎಂಬ ಅರ್ಥ. ವಿಮಾನದ ಎಂಜಿನ್ ನೋಡಿಕೊಂಡ ಫಿಟ್ಟರ್ ಕೂಡ ಏರ್‌ಮನ್‌ನೇ.

ಎರಡನೆಯದು ಸಾವಿನ ಸಂದರ್ಭ. ಕಾನ್ಪುರದ ಉಣ್ಣೆ ಗಿರಣಿ ಕಟ್ಟಿ ಬೆಳೆಸಿದ, 1920ರಲ್ಲಿ ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್ ಸ್ಥಾಪಿಸಿದ ಸರ್ ಅಲೆಕ್ಸಾಂಡರ್ ಮ್ಯಾಕ್‌ರಾಬರ್ಟ್ ಅವರ ಮೂವರು ಗಂಡುಮಕ್ಕಳೂ ವಿಮಾನದಲ್ಲೇ ಪ್ರಾಣ ಕಳೆದುಕೊಂಡರು. ತಾಯಿ ರೇಚಲ್ ಬಾಂಬರ್ ವಿಮಾನಕ್ಕೆಂದು 25,000 ಪೌಂಡ್ ಕೊಟ್ಟರು. ಆ ಹಣದ ನೆನಪಿಗೆ ಎನ್6086 ಸಂಖ್ಯೆಯ ಸ್ಟರ್ಲಿಂಗ್ ಬಾಂಬರಿಗೆ ‘ಮ್ಯಾಕ್‌ರಾಬರ್ಟ್ಸ್ ರಿಪ್ಲೈ’ ಎಂದು ಹೆಸರಿಟ್ಟರು. ಈ ಕಥೆಯನ್ನು ‘ಯುದ್ಧದಲ್ಲಿ ಮಡಿದ ಮೂವರು ಮಕ್ಕಳು’ ಎಂದು ಹೇಳಿಬಿಡುವುದು ಸುಲಭ. ಹಿರಿಯ ಮಗ ಅಲಾಸ್ಡೇರ್ ತೀರಿಕೊಂಡದ್ದು 1938ರಲ್ಲಿ, ಯುದ್ಧಕ್ಕೆ ಮೊದಲೇ, ಖಾಸಗಿ ಹಾರಾಟದ ಅಪಘಾತದಲ್ಲಿ. ರೋಡರಿಕ್ 1941ರ ಮೇ ತಿಂಗಳಲ್ಲಿ ಇರಾಕಿನಲ್ಲಿ ಹರಿಕೇನ್ ಯುದ್ಧವಿಮಾನ ಹಾರಿಸುತ್ತಾ ಮಡಿದರು. ಇಯಾನ್ ಮರುತಿಂಗಳೇ ಸಮುದ್ರದ ಮೇಲೆ ಕಾಣೆಯಾದರು. ಆ ತಾಯಿಯ ದುಃಖ ಇದರಿಂದ ಒಂದು ಎಳೆಯಷ್ಟೂ ಕಡಿಮೆಯಾಗುವುದಿಲ್ಲ. ಹಾಗಿದ್ದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆಯಲು ಹಿಂಜರಿಕೆ ಏಕೆ?

ಮೂರನೆಯದು, ‘ಒಟ್ಟಿಗೆ ಹಾರಿದರು’ ಎಂಬ ಮಾತು. 1965ರ ಯುದ್ಧದ ಕೀಲರ್ ಸಹೋದರರು ಎಲ್ಲರಿಗೂ ಗೊತ್ತು. ಇಬ್ಬರೂ ಹಾರಿಸಿದ್ದು ನ್ಯಾಟ್ ಯುದ್ಧವಿಮಾನ, ಇಬ್ಬರಿಗೂ ಪಾಕಿಸ್ತಾನದ ಸೇಬರ್ ವಿಮಾನಗಳ ಜೊತೆಗಿನ ಕಾಳಗಕ್ಕಾಗಿ ವೀರಚಕ್ರ. ಟ್ರೆವರ್ ಅವರ ಕಾಳಗ ಸೆಪ್ಟೆಂಬರ್ 3ರದು, ಸ್ಕ್ವಾಡ್ರನ್ 23. ಡೆನ್ಜಿಲ್ ಅವರದು ಸೆಪ್ಟೆಂಬರ್ 19ರದು, ಸ್ಕ್ವಾಡ್ರನ್ 9. ನಡುವೆ ಹದಿನಾರು ದಿನಗಳ ಅಂತರ, ಎರಡು ಬೇರೆ ಘಟಕ. ಒಂದೇ ಚಿತ್ರದಲ್ಲಿ ಇಬ್ಬರನ್ನೂ ಅಕ್ಕಪಕ್ಕದ ವಿಮಾನದಲ್ಲಿ ಕೂರಿಸಿ ಬರೆಸುವ ಮುನ್ನ ಈ ಎರಡು ದಿನಾಂಕ ಕಣ್ಣೆದುರು ಇರಬೇಕು.

ಇನ್ನು ಹೆಸರು. ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಇಲ್ಲೇ, ಅದರಲ್ಲೂ ನಮ್ಮ ಕಡೆಯ ಹೆಸರುಗಳಲ್ಲಿ. ಬ್ರಿಟಿಷ್ ಮಾದರಿಯ ಪಟ್ಟಿಗಳು ಕೊನೆಯ ಪದವನ್ನು ಮನೆತನದ ಹೆಸರೆಂದು ತೆಗೆದುಕೊಂಡು ಅದರ ಅಕ್ಷರದ ಕೆಳಗೆ ಜೋಡಿಸುತ್ತವೆ. ನಮ್ಮಲ್ಲಿ ಕೊನೆಯದು ಆಯಾ ವ್ಯಕ್ತಿಯ ಹೆಸರು. ಊರು, ತಂದೆ, ಮನೆತನ ಎಲ್ಲ ಮುಂದಿನ ಇನಿಶಿಯಲ್‌ಗಳಲ್ಲಿ ಅಡಗಿರುತ್ತವೆ. ಕೊಡವರಲ್ಲಂತೂ ಮನೆಹೆಸರು ಮೊದಲು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಯಲ್ಲಿ ಮಡಿದು, 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಪಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು ಪಟ್ಟಿಗಳಲ್ಲಿ ‘ಎ. ಬಿ. ದೇವಯ್ಯ’. ಅವರನ್ನು ಹುಡುಕಬೇಕಾದ್ದು ‘ಡಿ’ ಅಕ್ಷರದಲ್ಲಿ, ಅಜ್ಜಮಾಡದ ‘ಎ’ಯಲ್ಲಿ ಅಲ್ಲ. ಇದೇ ಲೆಕ್ಕದಲ್ಲಿ ನಮ್ಮ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು ಪಟ್ಟಿಯಲ್ಲಿ ಪರಸ್ಪರ ಸಂಬಂಧವೇ ಇಲ್ಲದವರಂತೆ ಎರಡು ದೂರದ ಪುಟಗಳಲ್ಲಿ ಇರುತ್ತಾರೆ. ಅವರನ್ನು ಕೂಡಿಸುವ ಎಳೆ ಎಂದರೆ ಇನಿಶಿಯಲ್‌ಗಳು, ತಂದೆಯ ಹೆಸರು, ವಿಳಾಸ.

ಪಾರ್ಸಿ ಹೆಸರುಗಳಲ್ಲಿ ತೊಂದರೆ ಇದರ ತಿರುವುಮುರುವು. ಭಾರತೀಯ ವಾಯುಸೇನೆಯಲ್ಲಿ ಎಂಜಿನಿಯರ್ ಮನೆತನದ ನಾಲ್ವರು ಅಣ್ಣತಮ್ಮಂದಿರು ಸೇವೆ ಮಾಡಿದರು. ಆಸ್ಪಿ 1930ರಲ್ಲಿ ಹದಿಹರೆಯದಲ್ಲೇ ಭಾರತ ಮತ್ತು ಇಂಗ್ಲೆಂಡ್ ನಡುವೆ ಒಂಟಿಯಾಗಿ ಹಾರಿ ಆಗಾ ಖಾನ್ ಬಹುಮಾನ ಗೆದ್ದವರು, ಮುಂದೆ ವಾಯುಸೇನೆಯ ಮುಖ್ಯಸ್ಥರಾದವರು. ಮಿನೂ ಅವರಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯಪದಕ, ಅಂದರೆ ಡಿಎಫ್‌ಸಿ ಇದೆ, ಸ್ವಾತಂತ್ರ್ಯದ ನಂತರದ ಕಾಶ್ಮೀರ ಕಾರ್ಯಾಚರಣೆಗೆ ಮಹಾವೀರ ಚಕ್ರವೂ ಇದೆ. ಆಸ್ಪಿ ಅವರಿಗೂ ಡಿಎಫ್‌ಸಿ. ಮಧ್ಯದ ಹೆಸರು ತಂದೆಯದಾದ್ದರಿಂದ ಒಬ್ಬರು ಎ. ಎಂ. ಎಂಜಿನಿಯರ್, ಇನ್ನೊಬ್ಬರು ಎಂ. ಎಂ. ಎಂಜಿನಿಯರ್, ಎರಡನೆಯ ಇನಿಶಿಯಲ್ ಇಬ್ಬರಿಗೂ ಒಂದೇ. ಕಾಗದದಲ್ಲಿ ಬರೀ ‘ಎಂಜಿನಿಯರ್, ಡಿಎಫ್‌ಸಿ’ ಎಂದಿದ್ದರೆ ಅದು ಯಾರು ಎಂದು ಊಹಿಸಬಾರದು. ಸಾಲದ್ದಕ್ಕೆ ಈ ಮನೆತನದ ಹೆಸರು ಎಂಜಿನಿಯರ್ ಎಂಬ ಕೆಲಸದ ಹೆಸರೂ ಹೌದು.

ಕಾಗುಣಿತದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಒಂದೇ ರೀತಿ ಬರೆಯುವ ‘ಅಯ್ಯ’, ‘ಮುತ್ತಣ್ಣ’, ‘ನರಸಿಂಹ’ ಇಂಗ್ಲಿಷಿನಲ್ಲಿ ಮೂರು ನಾಲ್ಕು ರೂಪ ತಾಳುತ್ತವೆ. ಜೋಡಕ್ಷರ ಒಂದೋ ಎರಡೋ, ಕೊನೆಗೆ ‘ಎಚ್’ ಇದೆಯೋ ಇಲ್ಲವೋ ಎಂದು ಎಲ್ಲ ರೂಪಗಳನ್ನೂ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದನ್ನೂ ಹುಡುಕಿ ಟಿಕ್ ಹಾಕಿ. ನೆನಪಿನ ಮೇಲೆ ಹುಡುಕಿದರೆ ಒಂದು ರೂಪ ತಪ್ಪೇ ತಪ್ಪುತ್ತದೆ.

ಹೆಸರಿನ ಈ ಗೊಂದಲಕ್ಕೆ ಮದ್ದು ಸೇವಾ ಸಂಖ್ಯೆ. ಅದರಲ್ಲೂ ಎರಡು ಕಡೆ ಎಚ್ಚರ ಬೇಕು. ಸಾರ್ಜೆಂಟ್ ಆಗಿದ್ದವರು ಕಮಿಷನ್ ಪಡೆದು ಅಧಿಕಾರಿಯಾದಾಗ ಹಳೆಯ ಸಂಖ್ಯೆ ಹೋಗಿ ಹೊಸದು ಬರುತ್ತಿತ್ತು. ಹಾಗಾಗಿ ಒಬ್ಬರೇ ಮನುಷ್ಯ ಎರಡು ಸಂಖ್ಯೆಯಲ್ಲಿ ಸಿಗುತ್ತಾರೆ. ಅದನ್ನು ನೋಡಿ ಇಬ್ಬರು ಅಣ್ಣತಮ್ಮಂದಿರು ಎಂದು ತೀರ್ಮಾನಿಸುವ ತಪ್ಪು ಆಗುತ್ತದೆ. ಇನ್ನು ಅಣ್ಣತಮ್ಮ ಒಂದೇ ದಿನ ಒಂದೇ ಕಡೆ ಭರ್ತಿಯಾಗಿದ್ದರೆ ಸಂಖ್ಯೆಗಳು ಅಕ್ಕಪಕ್ಕದವು ಆಗಿರಬಹುದು, ಕೊನೆಯ ಅಂಕೆಯಷ್ಟೇ ಬೇರೆ. ಮಸುಕಾದ ಕಾಗದದಲ್ಲಿ 3 ಮತ್ತು 8, 1 ಮತ್ತು 7 ಬೆರೆತರೆ ಅಲ್ಲಿಗೆ ಮುಗಿಯಿತು. ಭೂತಗನ್ನಡಿ ಹಿಡಿದು, ಅದೇ ಸಂಖ್ಯೆ ಇರುವ ಎರಡನೇ ಕಾಗದದೊಂದಿಗೆ ತಾಳೆ ನೋಡದೆ ಕಲ್ಲಿಗೆ ಏರಿಸಬೇಡಿ. ಅವಳಿಗಳಾಗಿದ್ದರೆ ಹುಟ್ಟಿದ ದಿನವೂ ಸಹಾಯಕ್ಕೆ ಬರುವುದಿಲ್ಲ. ಅಟ್ಚರ್ಲಿ ಅವಳಿಗಳಾದ ರಿಚರ್ಡ್ ಮತ್ತು ಡೇವಿಡ್ ಇಬ್ಬರೂ ರಾಯಲ್ ಏರ್ ಫೋರ್ಸಿನಲ್ಲಿ ಹಿರಿಯ ದರ್ಜೆಗೆ ಏರಿದವರು. ಅವರನ್ನು ಬೇರೆ ಮಾಡುವುದು ಹೆಸರು ಮತ್ತು ಸಂಖ್ಯೆ ಮಾತ್ರ.

ಮನೆಯಲ್ಲಿ ಲಾಗ್ ಬುಕ್, ಅಂದರೆ ಪ್ರತಿ ಹಾರಾಟವನ್ನೂ ಬರೆದಿಟ್ಟ ಪುಸ್ತಕ, ಇದ್ದರೆ ನೀವು ಪುಣ್ಯವಂತರು. ಬ್ರಿಟನ್ನಿನಲ್ಲಿ ವಾರಸುದಾರರು ಕೇಳದೆ ಉಳಿದ ಲಾಗ್ ಬುಕ್‌ಗಳಲ್ಲಿ ಕೆಲವನ್ನಷ್ಟೇ ಮಾದರಿಗೆಂದು ಉಳಿಸಿಕೊಂಡು ಮಿಕ್ಕವನ್ನು 1960ರ ಹೊತ್ತಿಗೆ ನಾಶ ಮಾಡಿದರು. ಆದ್ದರಿಂದ ಮನೆಯಲ್ಲಿರುವುದು ಜಗತ್ತಿನಲ್ಲಿ ಒಂದೇ ಪ್ರತಿ ಎಂದುಕೊಂಡೇ ಮುಟ್ಟಿ.

ಮೊದಲು ಅದು ಯಾವ ನಮೂನೆ ಎಂದು ನೋಡಿ. ಪೈಲಟ್‌ಗಳದು ಫಾರಂ 414. ನ್ಯಾವಿಗೇಟರ್, ವೈರ್‌ಲೆಸ್ ಆಪರೇಟರ್, ಗನ್ನರ್ ಮೊದಲಾದವರದು ಫಾರಂ 1767. ಈ ವ್ಯತ್ಯಾಸ ಗೊತ್ತಿಲ್ಲದೆ ಆಗುವ ಅನಾಹುತ ದೊಡ್ಡದು. ಫಾರಂ 1767ರಲ್ಲಿ ‘ಪೈಲಟ್’ ಎಂಬ ಅಂಕಣದಲ್ಲಿ ಪ್ರತಿ ಸಾಲಿಗೂ ಬೇರೆಯವರ ಹೆಸರಿರುತ್ತದೆ, ಏಕೆಂದರೆ ಪುಸ್ತಕದ ಒಡೆಯ ಗನ್ನರ್. ಅದನ್ನು ನೋಡಿ ಪುಸ್ತಕವೇ ಆ ಪೈಲಟ್‌ನದು ಎಂದುಕೊಳ್ಳುತ್ತಾರೆ. ಫಾರಂ 414ರಲ್ಲಿ ಇದಕ್ಕೆ ವಿರುದ್ಧ: ಒಡೆಯ ತಾನೇ ಹಾರಿಸಿದಾಗ ಆ ಅಂಕಣದಲ್ಲಿ ‘ಸೆಲ್ಫ್’ ಎಂದಷ್ಟೇ ಬರೆಯುತ್ತಾನೆ. ರಟ್ಟು ಕಿತ್ತುಹೋಗಿ ಮೊದಲ ಪುಟ ಕಳೆದಿದ್ದರೆ ಇನ್ನೂರು ಪುಟ ತಿರುವಿದರೂ ಹೆಸರು ಸಿಗದೆ ಬರೀ ‘ಸೆಲ್ಫ್’, ‘ಸೆಲ್ಫ್’, ‘ಸೆಲ್ಫ್’. ಅಣ್ಣನದೋ ತಮ್ಮನದೋ?

ಅದನ್ನು ಗುರುತಿಸುವ ಕ್ರಮ ಹೀಗಿದೆ. ಪ್ರತಿ ತಿಂಗಳ ಕೊನೆಯಲ್ಲಿ ಒಂದು ಸಾರಾಂಶ ಇರುತ್ತದೆ, ಹಲವು ಬಾರಿ ರಬ್ಬರ್ ಮುದ್ರೆಯ ಚೌಕದೊಳಗೆ: ತಿಂಗಳು, ಘಟಕ, ದಿನಾಂಕ, ವಿಮಾನದ ಮಾದರಿಗಳು, ಗಂಟೆಗಳು, ಕೆಳಗೆ ಒಡೆಯನ ರುಜು. ಪಕ್ಕದಲ್ಲಿ ಫ್ಲೈಟ್ ಕಮಾಂಡರ್ ಮತ್ತು ಸ್ಕ್ವಾಡ್ರನ್ನಿನ ಮುಖ್ಯಸ್ಥರ ರುಜು. ಮೊದಲು ಒಡೆಯನ ರುಜುವನ್ನು ಮನೆಯ ಪತ್ರಗಳಲ್ಲಿರುವ ರುಜುವಿನೊಂದಿಗೆ ಹೋಲಿಸಿ. ಅದು ಸ್ಪಷ್ಟವಾಗದಿದ್ದರೆ ಕಾರ್ಯಾಚರಣೆಯ ನಾಲ್ಕೈದು ಸಾಲು ಆರಿಸಿಕೊಂಡು ದಿನಾಂಕ, ವಿಮಾನದ ಸಂಖ್ಯೆ, ಹಾರಾಟದ ಅವಧಿ ಬರೆದುಕೊಳ್ಳಿ. ಸ್ಕ್ವಾಡ್ರನ್ನಿನ ಕಾರ್ಯಾಚರಣೆ ದಾಖಲೆಯಲ್ಲಿ ಎರಡು ನಮೂನೆ ಇವೆ: ಫಾರಂ 540 ದಿನದಿನದ ವೃತ್ತಾಂತ, ಫಾರಂ 541 ಒಂದೊಂದು ಹಾರಾಟದ ವಿವರ. 541ರಲ್ಲಿ ಅದೇ ದಿನ ಅದೇ ಸಂಖ್ಯೆಯ ವಿಮಾನದ ಎದುರು ಹೆಸರು ಇರುತ್ತದೆ. ಒಂದು ಸಾಲು ಹೊಂದಿದರೆ ಕಾಕತಾಳೀಯ ಇರಬಹುದು, ನಾಲ್ಕು ಹೊಂದಿದರೆ ಅವನೇ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಸ್ಕ್ವಾಡ್ರನ್ನುಗಳ ಈ ದಾಖಲೆಗಳು ಏರ್ 27 ಸರಣಿಯಲ್ಲಿ, ಕಾಳಗದ ವರದಿಗಳು ಏರ್ 50ರಲ್ಲಿ, ಸಾವುನೋವಿನ ಕಡತಗಳು ಏರ್ 81ರಲ್ಲಿವೆ.

ಇಬ್ಬರ ಪುಸ್ತಕಗಳ ಹಾಳೆ ಬಿಚ್ಚಿಕೊಂಡು ಒಂದೇ ಕಟ್ಟಿನಲ್ಲಿ ಬೆರೆತಿದ್ದರೆ ಗಾಬರಿ ಬೇಡ. ಪ್ರತಿ ಪುಟದ ಅಡಿಯಲ್ಲಿ ಮೊತ್ತ ಇರುತ್ತದೆ, ಅದೇ ಮೊತ್ತ ಮುಂದಿನ ಪುಟದ ತಲೆಯಲ್ಲಿ ಮತ್ತೆ ಬರುತ್ತದೆ. ಅಡಿಯ ಅಂಕೆಗೂ ತಲೆಯ ಅಂಕೆಗೂ ತಾಳೆ ಹಾಕುತ್ತಾ ಹೋದರೆ ಎರಡು ಸರಪಳಿಗಳು ತಾವಾಗಿ ಬೇರ್ಪಡುತ್ತವೆ. ಕೂಡುವ ತಪ್ಪುಗಳು ಇರುತ್ತವೆ, ಮುಂದೆಲ್ಲೋ ಕೆಂಪಿನಲ್ಲಿ ತಿದ್ದಿರುತ್ತಾರೆ. ಹತ್ತು ನಿಮಿಷದ ವ್ಯತ್ಯಾಸ ಕಂಡಕೂಡಲೇ ಹಾಳೆಯನ್ನು ಬೇರೆ ಕಟ್ಟಿಗೆ ಸರಿಸಬೇಡಿ.

ಶಾಯಿಯ ಬಣ್ಣಕ್ಕೂ ಅರ್ಥವಿದೆ. ರಾತ್ರಿಯ ಹಾರಾಟವನ್ನು ಕೆಂಪಿನಲ್ಲಿ ಬರೆಯುವುದು ರೂಢಿ. ಬಾಂಬರ್ ಕಮಾಂಡ್‌ನಲ್ಲಿ ಹಗಲಿನ ಕಾರ್ಯಾಚರಣೆ ಹಸಿರು, ರಾತ್ರಿಯದು ಕೆಂಪು. ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿದರೆ ಈ ಮಾಹಿತಿ ಪೂರ್ತಿ ಹೋಗುತ್ತದೆ. ‘ಡಿಸಿಓ’ ಎಂದರೆ ವಹಿಸಿದ ಕೆಲಸ ಮುಗಿಸಿದ್ದು, ‘ಡಿಎನ್‌ಸಿಓ’ ಎಂದರೆ ಮುಗಿಸಲಾಗದೆ ಮರಳಿದ್ದು. ಎರಡನೆಯದನ್ನು ಹೇಡಿತನವೆಂದು ಓದುವವರಿದ್ದಾರೆ, ದಯವಿಟ್ಟು ಹಾಗೆ ಓದಬೇಡಿ. ಮೋಡ ಕವಿದರೂ, ಎಂಜಿನ್ ಕೆಮ್ಮಿದರೂ, ಗುರಿ ಕಾಣದಿದ್ದರೂ ಬರೆಯುವುದು ಅದನ್ನೇ. ಕಡೆಯ ಪುಟಗಳಲ್ಲಿ ಸಾಮರ್ಥ್ಯದ ಮೌಲ್ಯಮಾಪನ ಇರುತ್ತದೆ. ಅಲ್ಲಿ ‘ಆ್ಯವರೇಜ್’ ಎಂದಿದ್ದರೆ ಬೇಸರಪಡಬೇಕಿಲ್ಲ. ಅದು ಸೇವೆಯಲ್ಲಿದ್ದ ತರಬೇತಾದ ಪೈಲಟ್‌ಗಳ ನಡುವಿನ ಸರಾಸರಿ.

ಸಮಯದಲ್ಲಿ ಒಂದು ಗಂಟೆ ವ್ಯತ್ಯಾಸ ಕಂಡರೆ ತಪ್ಪೆಂದು ಅನ್ನಬೇಡಿ. ಯುದ್ಧಕಾಲದ ಬ್ರಿಟನ್ನಿನ ಬೇಸಿಗೆಯಲ್ಲಿ ಗಡಿಯಾರ ಗ್ರೀನಿಚ್‌ಗಿಂತ ಎರಡು ಗಂಟೆ ಮುಂದಿತ್ತು. ಭಾರತದಲ್ಲೂ 1942ರ ಸೆಪ್ಟೆಂಬರಿನಿಂದ 1945ರವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ದಿನಾಂಕದ ವಿಷಯ ಇದಕ್ಕಿಂತ ಸೂಕ್ಷ್ಮ. 20ರ ಸಂಜೆ ಹೊರಟ ಬಾಂಬರ್ 21ರ ಬೆಳಗಿನ ಜಾವ ಬಿದ್ದಿದ್ದರೆ ಒಂದು ಕಾಗದದಲ್ಲಿ 20, ಇನ್ನೊಂದರಲ್ಲಿ 21. ಫಲಕದಲ್ಲಿ ‘20/21ರ ರಾತ್ರಿ’ ಎಂದು ಬರೆಸುವುದೇ ಸರಿ.

ಕಾಣೆಯಾದವರ ಬಗ್ಗೆ. ಮೊದಲು ಮನೆಗೆ ‘ಕಾಣೆಯಾಗಿದ್ದಾರೆ’ ಎಂಬ ತಂತಿ, ಹಿಂದೆಯೇ ಘಟಕದ ಮುಖ್ಯಸ್ಥರ ಪತ್ರ. ರೆಡ್‌ಕ್ರಾಸ್ ಮೂಲಕ ವಿಚಾರಣೆ. ಸುಮಾರು ಆರು ತಿಂಗಳಲ್ಲಿ ಸುದ್ದಿ ಬರದಿದ್ದರೆ ಅಧಿಕೃತವಾಗಿ ಮೃತರೆಂದು ಪರಿಗಣನೆ. ಆದ್ದರಿಂದ ಕಡೆಯ ಪತ್ರದ ಮೇಲಿನ ದಿನಾಂಕ ಸಾವಿನ ದಿನಾಂಕವಲ್ಲ, ಕಚೇರಿ ತೀರ್ಮಾನಿಸಿದ ದಿನಾಂಕ. ಎರಡನ್ನೂ ಕಡತದಲ್ಲಿ ಬೇರೆ ಬೇರೆಯಾಗಿ ಇಡಿ. 1945ರಲ್ಲಿ ಬ್ರಿಟಿಷ್ ವಾಯುಸೇನೆಯ ಕಾಣೆಯಾದವರ ಪಟ್ಟಿಯಲ್ಲಿ 41 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು, ಅವರನ್ನು ಹುಡುಕಲೆಂದೇ ವಿಶೇಷ ತಂಡಗಳು ವರ್ಷಗಟ್ಟಲೆ ಓಡಾಡಿದವು. ಸಮಾಧಿ ಸಿಗದವರ ಹೆಸರು ಎಲ್ಲಿ ಕೆತ್ತಲಾಗಿದೆ ಎಂಬುದು ಅವರು ಎಲ್ಲಿಂದ ಹಾರಿದರು ಎಂಬುದರ ಮೇಲೆ ನಿಂತಿದೆ. ಬ್ರಿಟನ್ ಮತ್ತು ವಾಯವ್ಯ ಯೂರೋಪಿನ ನೆಲೆಗಳಿಂದ ಹೊರಟವರು ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದಲ್ಲಿದ್ದಾರೆ, ಅಲ್ಲಿ 20 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ದಕ್ಷಿಣ ಮತ್ತು ಪೂರ್ವ ಏಷ್ಯಾದ ಮೇಲೆ ಕಾಣೆಯಾದವರು ಸಿಂಗಾಪುರದ ಕ್ರಾಂಜಿಯಲ್ಲಿ. ಅಣ್ಣ ಜರ್ಮನಿಯ ಮೇಲೆ, ತಮ್ಮ ಬರ್ಮಾದ ಮೇಲೆ ಕಾಣೆಯಾಗಿದ್ದರೆ ಇಬ್ಬರೂ ಒಂದೇ ಸ್ಮಾರಕದಲ್ಲಿ ಸಿಗುವುದಿಲ್ಲ. ಒಬ್ಬರು ಸಿಕ್ಕರೆಂದು ಹುಡುಕಾಟ ನಿಲ್ಲಿಸಬೇಡಿ.

ಪದಕಗಳು ಒಂದೇ ಡಬ್ಬಿಯಲ್ಲಿ ಬೆರೆತಿರುವುದು ಸಾಮಾನ್ಯ. ಬ್ರಿಟನ್ನಿನಿಂದ ಹಂಚಿದ ಎರಡನೇ ಮಹಾಯುದ್ಧದ ‘ಸ್ಟಾರ್’ (ತಾರೆ) ಪದಕಗಳ ಮೇಲೆ ಪಡೆದವರ ಹೆಸರಿಲ್ಲ. ಹಾಗಾಗಿ ಒಮ್ಮೆ ಬೆರೆತರೆ ಲೋಹ ತಾನಾಗಿ ಏನೂ ಹೇಳುವುದಿಲ್ಲ, ಲಾಗ್ ಬುಕ್ಕೇ ಹೇಳಬೇಕು. ಏರ್ ಕ್ರೂ ಯೂರೋಪ್ ಸ್ಟಾರ್ 1939ರ ಸೆಪ್ಟೆಂಬರ್ 3ರಿಂದ 1944ರ ಜೂನ್ 5ರವರೆಗೆ ಬ್ರಿಟನ್ನಿನಿಂದ ಯೂರೋಪಿನ ಮೇಲೆ ಹಾರಿದವರಿಗೆ. ಬರ್ಮಾ ಸ್ಟಾರ್ ಬರ್ಮಾ ರಂಗದಲ್ಲಿದ್ದವರಿಗೆ. ಇಬ್ಬರು ಬೇರೆ ಬೇರೆ ರಂಗದಲ್ಲಿದ್ದರೆ ಬಿಡಿಸುವುದು ಸುಲಭ. ಆಗ ಡಿಎಫ್‌ಸಿ ಅಧಿಕಾರಿ ಮತ್ತು ವಾರಂಟ್ ಆಫೀಸರ್‌ಗಳಿಗೆ, ಡಿಎಫ್‌ಎಂ (ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಮೆಡಲ್) ಅವರಿಗಿಂತ ಕೆಳಗಿನ ದರ್ಜೆಯವರಿಗೆ ಸಿಗುತ್ತಿತ್ತು. ಆ ಯುದ್ಧದ ಡಿಎಫ್‌ಸಿಯ ಹಿಂಭಾಗದಲ್ಲಿ ಇಸವಿ ಮಾತ್ರ, ಡಿಎಫ್‌ಎಂನ ಅಂಚಿನಲ್ಲಿ ಹೆಸರೂ ಇರುತ್ತದೆ. ಹೊಳಪು ಬರಿಸಲು ಪಾಲಿಶ್ ತಿಕ್ಕಿದರೆ ಆ ಕೆತ್ತನೆಯೇ ಸವೆಯುವುದು. ಪದಕ ಇಲ್ಲದಿರುವುದು ಕೆಲಸ ಇಲ್ಲದಿದ್ದುದಕ್ಕೆ ಸಾಕ್ಷಿಯಲ್ಲ ಎಂಬುದನ್ನೂ ನೆನಪಿಡಿ. 1940ರ ಮೇ 12ರಂದು ಬೆಲ್ಜಿಯಂನ ವೆಲ್ಡ್‌ವೆಜೆಲ್ಟ್ ಸೇತುವೆಯ ಮೇಲಿನ ದಾಳಿಯಲ್ಲಿ ಪೈಲಟ್ ಡೊನಾಲ್ಡ್ ಗಾರ್ಲಂಡ್ ಮತ್ತು ಅಬ್ಸರ್ವರ್ ಥಾಮಸ್ ಗ್ರೇ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅದೇ ವಿಮಾನದಲ್ಲಿ ಅವರ ಜೊತೆಗೇ ಮಡಿದ ಗನ್ನರ್ ಲಾರೆನ್ಸ್ ರೆನಾಲ್ಡ್ಸ್ ಅವರಿಗೆ ಏನೂ ಬರಲಿಲ್ಲ. ಗಾರ್ಲಂಡ್ ಅವರ ಉಳಿದ ಮೂವರು ಅಣ್ಣತಮ್ಮಂದಿರೂ ಅದೇ ಯುದ್ಧದ ಕಾಲದಲ್ಲಿ ವಾಯುಸೇನೆಯ ಸೇವೆಯಲ್ಲೇ ತೀರಿಕೊಂಡರು. ಜಗತ್ತಿಗೆ ಗೊತ್ತಿರುವುದು ಡೊನಾಲ್ಡ್ ಒಬ್ಬರೇ.

ಫೋಟೋದಲ್ಲಿ ಅಣ್ಣ ಯಾರು, ತಮ್ಮ ಯಾರು? ಮುಖ ಹೋಲುವುದರಿಂದ ಮುಖ ಬಿಟ್ಟು ಸಮವಸ್ತ್ರ ನೋಡಿ. ಪೈಲಟ್‌ನ ಎದೆಯ ಮೇಲಿನ ರೆಕ್ಕೆ ಲಾಂಛನಕ್ಕೆ ಎರಡು ಬದಿ, ಉಳಿದವರದು ಒಂದೇ ರೆಕ್ಕೆ, ಅದರ ಬುಡದ ಸುತ್ತಿನೊಳಗೆ ಅಕ್ಷರ: ಎನ್ ಎಂದರೆ ನ್ಯಾವಿಗೇಟರ್, ಬಿ ಬಾಂಬ್ ಏಮರ್, ಎಜಿ ಗನ್ನರ್, ಇ ಫ್ಲೈಟ್ ಎಂಜಿನಿಯರ್, ಓ ಅಬ್ಸರ್ವರ್. ಟೋಪಿಯ ಮುಂಭಾಗದಲ್ಲಿ ಬಿಳಿ ಪಟ್ಟಿ ಸಿಕ್ಕಿಸಿದ್ದರೆ ಇನ್ನೂ ತರಬೇತಿಯಲ್ಲಿದ್ದಾರೆ. ರೆಕ್ಕೆ ಇರಬೇಕಾದ್ದು ಎಡಗಡೆಯ ಎದೆಜೇಬಿನ ಮೇಲೆ, ನೋಡುವವರಿಗೆ ಬಲಕ್ಕೆ. ಎಡಕ್ಕೆ ಕಂಡರೆ ನೆಗೆಟಿವ್ ಮಗುಚಿ ಮುದ್ರಿಸಿದ್ದಾರೆ. ಕೋಟಿನ ಗುಂಡಿ ಯಾವ ಕಡೆಗೆ ಎಂದು ನೋಡಿ ಖಚಿತಪಡಿಸಿಕೊಳ್ಳಿ. ‘ಎಡದಿಂದ ಬಲಕ್ಕೆ’ ಎಂದು ಬರೆದ ಅಡಿಟಿಪ್ಪಣಿ ಹೀಗೆ ಮಗುಚಿದ ಚಿತ್ರದಲ್ಲಿ ಇಬ್ಬರನ್ನೂ ಅದಲುಬದಲು ಮಾಡಿಬಿಡುತ್ತದೆ.

ಕಾಗದಗಳನ್ನು ಕಾಪಾಡುವ ವಿಷಯದಲ್ಲಿ ಪ್ರೀತಿಯಿಂದ ಮಾಡುವ ಹಾನಿಯೇ ಹೆಚ್ಚು. ಲ್ಯಾಮಿನೇಷನ್ ಬೇಡವೇ ಬೇಡ, ಬಿಸಿಗೆ ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ತೆಗೆಯಲಾಗದು. ಹರಿದ ಕಡೆ ಸೆಲ್ಲೋಟೇಪ್ ಹಚ್ಚಿದರೆ ಅಂಟು ಕಾಗದದೊಳಗೆ ಇಳಿದು ಹಳದಿಯಾಗಿ ಶಾಯಿಯನ್ನೇ ತಿನ್ನುತ್ತದೆ. ಗುಂಡುಪಿನ್ನು, ಸ್ಟೇಪಲ್ ಮೆಲ್ಲಗೆ ತೆಗೆಯಿರಿ, ತುಕ್ಕು ಹರಡುತ್ತದೆ. ಪಿವಿಸಿ ಹೊದಿಕೆಯ ಆಲ್ಬಂ ಬೇಡ; ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹೊದಿಕೆ, ಆಮ್ಲರಹಿತ ಕಾಗದದ ಪೆಟ್ಟಿಗೆ ಸಾಕು. ನುಸಿಗುಳಿಗೆ ಹಾಕಬೇಡಿ. ಬೂಸ್ಟು ಹಿಡಿದಿದ್ದರೆ ಉಳಿದವುಗಳಿಂದ ಬೇರೆ ಇಟ್ಟು, ನೆರಳಿನಲ್ಲಿ ಗಾಳಿಗೆ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೃದು ಕುಂಚದಿಂದ ತೆಗೆಯಿರಿ. ಒದ್ದೆ ಇರುವಾಗಲೇ ಒರೆಸಿದರೆ ಕಲೆ ಒಳಗೆ ಇಳಿಯುತ್ತದೆ. ಸ್ಕ್ಯಾನ್ ಮಾಡುವಾಗ ಕಾಗದಕ್ಕೆ 400, ಫೋಟೋಗೆ 600 ಡಿಪಿಐ, ಬಣ್ಣದಲ್ಲೇ, ಟಿಫ್ ರೂಪದಲ್ಲಿ. ಫೋಟೋದ ಬೆನ್ನನ್ನೂ ತಪ್ಪದೆ ಸ್ಕ್ಯಾನ್ ಮಾಡಿ, ಸ್ಟುಡಿಯೋ ಮುದ್ರೆಯೂ ಪೆನ್ಸಿಲ್ ಬರಹವೂ ಅಲ್ಲೇ ಇರುವುದು. ಕಡತದ ಹೆಸರಿನಲ್ಲಿ ಮನೆತನದ ಹೆಸರಿನ ಬದಲು ಸೇವಾ ಸಂಖ್ಯೆ ಮೊದಲು ಬರಲಿ, ಅಣ್ಣತಮ್ಮಂದಿರ ಚಿತ್ರಗಳು ಕಂಪ್ಯೂಟರಿನಲ್ಲೂ ಬೆರೆಯಬಾರದು.

ಮನೆಯ ಟ್ರಂಕಿನಲ್ಲಿ ಹಳೆಯ ಕೈಗಡಿಯಾರ, ಕಂಪಾಸು, ವಿಮಾನದ ಮೀಟರು ಇದ್ದರೆ ಗಾಜು ಬಿಚ್ಚಬೇಡಿ. ಕತ್ತಲಲ್ಲಿ ಹೊಳೆಯಲೆಂದು ಅಂಕೆಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಹೊಳಪು ನಿಂತಿರಬಹುದು, ವಿಕಿರಣ ನಿಂತಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಉದುರಿದ ಪುಡಿ ಉಸಿರಿನಲ್ಲಿ ಹೋಗುವುದೇ ಅಪಾಯ. ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಮೇಲೆ ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ.

ಭಾರತೀಯ ವಾಯುಸೇನೆಯ ದಾಖಲೆ ಬೇಕಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005 ನಿಮ್ಮ ಕೈಯಲ್ಲಿದೆ. ಕೇಂದ್ರ ಸರ್ಕಾರದ ಕಚೇರಿಗೆ ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇಪ್ಪತ್ತು ವರ್ಷಕ್ಕೂ ಹಿಂದಿನ ಘಟನೆಯ ಮಾಹಿತಿಯಾದ್ದರಿಂದ 8(3)ನೇ ಕಲಮನ್ನು ಅರ್ಜಿಯಲ್ಲೇ ಉಲ್ಲೇಖಿಸಿ. ‘ನಮ್ಮ ಅಜ್ಜ ಮತ್ತು ಅವರ ಸಹೋದರರ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ‘ಲಭ್ಯವಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಅರ್ಜಿ ಹಾಕಿ. ಅದರಲ್ಲಿ ಸೇವಾ ಸಂಖ್ಯೆ, ಎಲ್ಲ ಕಾಗುಣಿತ ರೂಪಗಳು, ಸ್ಕ್ವಾಡ್ರನ್, ತಿಂಗಳು ಮತ್ತು ಇಸವಿ ಇರಲಿ. ಕೇಳುವುದು ನಿರ್ದಿಷ್ಟ ಕಾಗದವಾಗಿರಲಿ: ಇಂಥ ಸ್ಕ್ವಾಡ್ರನ್ನಿನ ಇಂಥ ತಿಂಗಳ ಫಾರಂ 540 ಮತ್ತು 541ರ ಪ್ರತಿ.

ಫಲಕದ ಭಾಷೆಗೆ ಬಂದರೆ, ‘ರಾಯಲ್ ಇಂಡಿಯನ್ ಏರ್ ಫೋರ್ಸ್’ ಎಂಬ ಹೆಸರು ಬಂದದ್ದು 1945ರ ಮಾರ್ಚಿನಲ್ಲಿ, ಹೋದದ್ದು 1950ರಲ್ಲಿ ಗಣರಾಜ್ಯವಾದಾಗ. 1943ರಲ್ಲಿ ಮಡಿದವರ ಹೆಸರಿನ ಪಕ್ಕ ‘ರಾಯಲ್’ ಕೆತ್ತುವುದು ತಪ್ಪು. ಯುದ್ಧಕಾಲದ ಭಾರತೀಯ ಸ್ಕ್ವಾಡ್ರನ್ನುಗಳು 1ರಿಂದ 10, ಅವುಗಳಲ್ಲಿ 5 ಇರಲಿಲ್ಲ. ಆ ಯುದ್ಧದ ಫಲಕದ ಕರಡಿನಲ್ಲಿ ‘ಭಾರತೀಯ 5ನೇ ಸ್ಕ್ವಾಡ್ರನ್’ ಕಂಡರೆ ಎಲ್ಲೋ ಓದುವಾಗ ಎಡವಿದ್ದೀರಿ, ಹಿಂದಿರುಗಿ ಮೂಲ ಕಾಗದ ನೋಡಿ. ದರ್ಜೆಯನ್ನು ಮಡಿದ ದಿನ ಇದ್ದಂತೆ ಬರೆಯಿರಿ, ಆಮೇಲೆ ಬದುಕಿದ್ದರೆ ಏರಬಹುದಾಗಿದ್ದ ಎತ್ತರದ ಮಾತು ಬೇಡ. ಖಚಿತವಾಗದ ಅಂಶಕ್ಕೆ ಜಾಗ ಬಿಟ್ಟು ಕೆತ್ತಿಸಿ. ಆ ಜಾಗವನ್ನು ಮುಂದೆ ತುಂಬಬಹುದು, ತಪ್ಪಾಗಿ ಕೆತ್ತಿದ ಅಕ್ಷರವನ್ನು ಅಳಿಸಲಾಗದು.

ಬದುಕಿ ಮರಳಿದ ಅಣ್ಣನನ್ನೋ ತಮ್ಮನನ್ನೋ ಬಿಡಬೇಡಿ. ಮಡಿದವರ ಫಲಕ ಎಂಬ ಕಾರಣಕ್ಕೆ ಅವರ ಹೆಸರು ಕೈಬಿಡುವುದು ವಾಡಿಕೆಯಾಗಿದೆ. ಹಾಗೆ ಕೈಬಿಟ್ಟ ಮನೆಗಳಲ್ಲಿ ಲಾಗ್ ಬುಕ್ ಹೊರಬಂದಾಗ ಉಳಿದವರ ಗಂಟೆಗಳೆಲ್ಲ ಮಡಿದವರ ಲೆಕ್ಕಕ್ಕೆ ಸೇರುವುದು. ಮುಖ್ಯ ಫಲಕದಲ್ಲಿ ಜಾಗವಿಲ್ಲದಿದ್ದರೆ ಕೆಳಗೆ ಒಂದು ಸಾಲು ಸಾಕು: ಹೆಸರು, ಸಂಖ್ಯೆ, ಕೆಲಸ, ಘಟಕ, ‘ಮರಳಿದರು’.

ಈಗಾಗಲೇ ಕಲ್ಲಿನಲ್ಲಿ ತಪ್ಪು ಕೆತ್ತಿದ್ದರೆ ಕಲ್ಲನ್ನು ಕೀಳಬೇಕಿಲ್ಲ. ಅಂಗೈ ಅಗಲದ ಹಿತ್ತಾಳೆ ತಗಡಿನಲ್ಲಿ ಸರಿಯಾದ ವಿವರವನ್ನೂ ತಿದ್ದಿದ ವರ್ಷವನ್ನೂ ಬರೆಸಿ, ಫಲಕದ ಕೆಳಗೆ ಹಿತ್ತಾಳೆಯ ತಿರುಪಿನಲ್ಲೇ ಕೂರಿಸಿ. ಕಬ್ಬಿಣದ ತಿರುಪು ಹಾಕಿದರೆ ಎರಡು ಮಳೆಗಾಲದಲ್ಲಿ ತುಕ್ಕಿನ ನೀರು ಇಳಿದು ಹೆಸರುಗಳ ಮೇಲೆ ಕಲೆ ಕಟ್ಟುತ್ತದೆ.

ಗೌರವಪೂರ್ವಕವಾಗಿ,
ಯುದ್ಧಕಾಲದ ಹಾರಾಟದ ದಾಖಲೆಗಳನ್ನು ಓದುವವರು